ಎಡಗೈಯ ಎಲೆಗಳು

ಅಕ್ಟೋಬರ್ ೨೯, ಬುಧವಾರ

ಪ್ರೀತಿಯ ಎಡಚಪ್ಪನಿಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ಇಲ್ಲಿ ನಾನು ಕ್ಷೇಮ. ಅಮ್ಮ ನನಗಿಂತ ಹೆಚ್ಚು ಕ್ಷೇಮ, ಈಗ ಬಂದಿರುವ ತೊಂದರೆಯೂ ಅದೇ. ನೀನೂ ನಿನ್ನ ಹೆಂಡತಿಯೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಫೋನಿನಲ್ಲಿ ಕೇಳಿದಾಗಲೆಲ್ಲ "ಎಲ್ಲ ಆರಾಮು ಅಕ್ಕಾ, ಆಮೇಲೆ ಮಾಡ್ತೀನಿ" ಎನ್ನುತ್ತೀಯ. ಆ ಆಮೇಲೆ ಯಾವಾಗ ಬರುತ್ತದೋ ಕಾಯುತ್ತ ಕೂರಲು ಈ ಸಲ ನನಗೆ ಪುರುಸೊತ್ತಿಲ್ಲ. ಅದಕ್ಕೇ ಕಾಗದ.

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಎರಡು ವಾರದ ಹಿಂದೆಯೇ ಬರೆಯಬೇಕಿತ್ತು. ಮೂರು ಸಲ ಶುರು ಮಾಡಿ ಹರಿದೆ. ಮೊದಲನೆಯದರಲ್ಲಿ ಬೈಗುಳ ಜಾಸ್ತಿಯಾಯಿತು, ಎರಡನೆಯದರಲ್ಲಿ ಬೈಗುಳವೇ ಇರಲಿಲ್ಲ, ಮೂರನೆಯದನ್ನು ಅಮ್ಮ ಹಿಂದಿನಿಂದ ಬಂದು ನೋಡಿಬಿಡುತ್ತಿದ್ದಳು. ಇದನ್ನು ಬೈಂಡಿಂಗ್ ಶಾಪಿನಲ್ಲಿ ಕೂತು ಬರೆಯುತ್ತಿದ್ದೇನೆ, ಊಟದ ಬಿಡುವಿನಲ್ಲಿ. ಅಂಟು ಮೆತ್ತಿದ್ದರೆ ಕ್ಷಮಿಸು.

ಸುದ್ದಿ ಇಷ್ಟು. ಅಮ್ಮ ನಿನ್ನ ಮನೆಗೆ ಬರುತ್ತಿದ್ದಾಳೆ. ಎರಡು ದಿನಕ್ಕಲ್ಲ, ಇರುವುದಕ್ಕೇ. ನವೆಂಬರ್ ಎಂಟು, ಶನಿವಾರ. ನಮ್ಮ ಶಾಪಿನ ವ್ಯಾನು ಪ್ರತಿ ತಿಂಗಳೂ ನಿನ್ನ ಊರಿಗೆ ಪುಸ್ತಕದ ಬಂಡಲ್ಲು ಹಾಕಲು ಬರುತ್ತದಲ್ಲ, ಅದರ ಮುಂದಿನ ಸೀಟಿನಲ್ಲಿ ಕೂರಿಸಿ ಕಳಿಸುತ್ತೇನೆ. ಹನ್ನೊಂದು ಗಂಟೆಯ ಹೊತ್ತಿಗೆ ನಿನ್ನ ಬಾಗಿಲಲ್ಲಿ ಇರುತ್ತಾರೆ. ಹೊಲಿಗೆ ಮೆಷಿನ್ನನ್ನೂ ತರುತ್ತಾಳೆ, ಅದಕ್ಕೆ ಕಿಟಕಿ ಪಕ್ಕ ಜಾಗ ಮಾಡಿಡು.

ಎಂಬತ್ತು ವರ್ಷದ ಹೆಂಗಸು ಇದ್ದಕ್ಕಿದ್ದಂತೆ ಯಾಕೆ ಹೊರಟಳು ಎಂದು ಕೇಳುತ್ತೀಯ. ನೀನು ಕಳಿಸಿದ ಕಾರ್ಡುಗಳಿಗೆ ಮನಸೋತು. ಪ್ರತಿ ವರ್ಷ ಎಲೆ ಉದುರುವ ಕಾಲಕ್ಕೆ, ಅವಳು ಹುಟ್ಟಿದ ದಿನಕ್ಕೆ ಸರಿಯಾಗಿ, ನಿನ್ನ ಕೈಯಿಂದಲೇ ಬರೆದು ನೀನು ಕಳಿಸುತ್ತಿರುವ ವಾಟರ್ ಕಲರ್ ಕಾರ್ಡುಗಳು. "ಇಷ್ಟು ನೆನೆಸ್ಕೊಳ್ಳೋ ಮಗನ್ನ ದೂರ ಇಟ್ಟು ನಾನ್ಯಾಕೆ ಇಲ್ಲಿರ್ಲಿ" ಎಂದಳು.

ನೀನು ಯಾವ ಕಾರ್ಡನ್ನೂ ಕಳಿಸಿಲ್ಲ ಎಂದು ನಿನಗೆ ಗೊತ್ತು, ನನಗೆ ಗೊತ್ತು, ವ್ಯಾನ್ ಡ್ರೈವರಿಗೆ ಗೊತ್ತು. ಅಮ್ಮನಿಗೆ ಗೊತ್ತಿಲ್ಲ. ಗೊತ್ತಾಗಬಾರದು. ಈ ಕಾಗದ ಬರೆಯುತ್ತಿರುವುದು ಅದಕ್ಕೇ. ಏಳು ವರ್ಷದಿಂದ ನೀನು ಏನೇನು ಮಾಡಿದ್ದೀಯ ಎಂದು ಹೇಳುತ್ತೇನೆ, ಬಾಯಿಪಾಠ ಮಾಡಿಕೋ.

ಶುಕ್ರವಾರ

ನಿನ್ನೆ ಬಿಡುವಾಗಲಿಲ್ಲ. ಹೊಸ ವರ್ಷದ ಡೈರಿಗಳ ಕೆಲಸ ಶುರುವಾಗಿದೆ, ಯಜಮಾನರು ಉಸಿರಾಡುವುದಕ್ಕೂ ಚೀಟಿ ಬರೆಸಿಕೊಳ್ಳುತ್ತಾರೆ. ಅಮ್ಮನ ಜೊತೆ ನಾನೂ ಬರುವುದಕ್ಕೆ ರಜೆ ಇಲ್ಲ. ರಜೆ ಇದ್ದರೂ ವ್ಯಾನಿನಲ್ಲಿ ಒಂದೇ ಸೀಟು.

ಮೊದಲಿನಿಂದ ಹೇಳುತ್ತೇನೆ. ಚಿಕ್ಕವರಿದ್ದಾಗ ಅಮ್ಮನಿಗೆ ಕಾರ್ಡು ಮಾಡುವಾಗ ಕಾಗದ ಕತ್ತರಿಸಿ ಮಡಚುವುದು ನಾನು, ಬಣ್ಣ ಹಾಕುವುದು ನೀನು. ಅಮ್ಮ ಕಾರ್ಡು ಹಿಡಿದು "ನನ್ನ ಮಗ ಎಷ್ಟು ಚೆಂದ ಬರ್ದಿದಾನೆ" ಎನ್ನುತ್ತಿದ್ದಳು. ಅವಳದು ತಪ್ಪಿಲ್ಲ, ಮಡಚಿದ್ದನ್ನು ಯಾರೂ ಹೊಗಳುವುದಿಲ್ಲ. ಸರಿಯಾಗಿ ಮಡಚಿದ್ದರೆ ಅದು ಕಾಣಿಸುವುದೇ ಇಲ್ಲವಲ್ಲ. ನೀನು ಊರು ಬಿಟ್ಟು ಬೋರ್ಡು ಬರೆಯಲು ಹೋದ ಮೇಲೂ ನಾನು ಮಡಚಿ ಕಳಿಸುತ್ತಿದ್ದೆ, ನೀನು ಎಲೆ ಬರೆದು ಅಮ್ಮನಿಗೆ ಹಾಕುತ್ತಿದ್ದೆ. ಆಮೇಲೆ ಬೋರ್ಡು ಬರೆಸುವವರು ಕಡಿಮೆಯಾದರು, ನೀನು ಫ್ಲೆಕ್ಸ್ ಮೆಷಿನ್ ತಂದೆ, ಬ್ರಷ್ ಎತ್ತಿಟ್ಟೆ. ಒಂದು ವರ್ಷ ಕಾರ್ಡು ಬರಲಿಲ್ಲ. ನಿನ್ನ ಮೇಲೆ ಸಿಟ್ಟಿನಿಂದ ಹೇಳುತ್ತಿಲ್ಲ. ಮರೆತಿರುತ್ತೀಯ, ಮನುಷ್ಯರು ಮರೆಯುತ್ತಾರೆ.

ಆದರೆ ಆಗಿನ ಅಮ್ಮನನ್ನು ನೀನು ನೋಡಲಿಲ್ಲ, ಅಲ್ಲಿಂದ ಈಚೆಗೆ ಊರಿಗೆ ಬಂದೇ ಇಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಅವಳಿಗೆ ಆ ಯಂತ್ರದಲ್ಲಿ ಏನೂ ಕೇಳಿಸುವುದಿಲ್ಲ, ಎದುರಿಗೆ ಕೂತು ತುಟಿ ನೋಡುತ್ತ ಮಾತಾಡಿದರೆ ಮಾತ್ರ. ನೀನು ಹೇಳಿದ್ದು ಅವಳಿಗೆ, ಅವಳು ಹೇಳಿದ್ದು ನಿನಗೆ, ನಡುವೆ ನಾನು. ಹಾಗಾಗಿ ಅವಳ ಕೈಗೆ ಸಿಗುತ್ತಿದ್ದ ನಿನ್ನ ಗುರುತು ಆ ಕಾರ್ಡೊಂದೇ. ಆ ವರ್ಷ ಹುಟ್ಟಿದ ದಿನ ಕಳೆದು ಒಂಬತ್ತು ದಿನ, ಹೊಲಿಯಲು ಬೆಳಕು ಚೆನ್ನಾಗಿದೆ ಎಂಬ ನೆಪದಲ್ಲಿ ಮೆಷಿನ್ನನ್ನು ಬೀದಿ ಕಿಟಕಿಗೆ ಎಳೆದುಕೊಂಡು ಕೂತಳು. ನಿನ್ನ ಹೆಸರು ಎತ್ತಲಿಲ್ಲ. "ಅಂಚೆಯವನಿಗೆ ಹುಷಾರಿಲ್ವೇನೇ?" ಎಂದು ಮಾತ್ರ ಕೇಳಿದಳು. ಅಂಚೆಯವನು ಆ ಹೊತ್ತಿಗೆ ನಮ್ಮ ಬೀದಿಯಲ್ಲಿ ಎರಡು ಸಲ ಸೈಕಲ್ ಹೊಡೆದಾಗಿತ್ತು.

ಹತ್ತನೆಯ ದಿನ ನಾನೇ ಒಂದು ಕಾರ್ಡು ಮಾಡಿದೆ. ಅಮ್ಮ ಅಂಚೆ ಮುದ್ರೆಯನ್ನೂ ನೋಡುವವಳು, ಅದಕ್ಕೆ ವ್ಯಾನ್ ಡ್ರೈವರ್ ಕೈಲಿ ಕೊಟ್ಟು ನಿನ್ನ ಊರಿನ ಡಬ್ಬಿಗೆ ಹಾಕಿಸಿದೆ. "ಏನಕ್ಕಾ ಇದು, ಇಲ್ಲೇ ಬರ್ದು ಅಲ್ಲಿಗೆ ಕಳ್ಸಿ ಮತ್ತೆ ಇಲ್ಲಿಗೇ ತರಿಸ್ಕೋತೀರಲ್ಲ" ಎಂದು ನಕ್ಕ. ಕಾರ್ಡು ಬಂತು. ಅಮ್ಮ ಬಿಚ್ಚಿದಳು. ನೋಡಿದಳು. ಬಟ್ಟೆಯ ಬಣ್ಣ ನೋಡುವ ಹಾಗೆ ಕಿಟಕಿಗೆ ಹಿಡಿದು ನೋಡಿದಳು. "ಇದು ಅವನ ಕೈ ಅಲ್ಲ" ಎಂದಳು.

ಎಡಚರ ಗೆರೆ ಎಡದಿಂದ ಬಲಕ್ಕೆ ಇಳಿಯುತ್ತದೆ, ನಮ್ಮಂಥವರದು ಬಲದಿಂದ ಎಡಕ್ಕೆ. ಎಲೆಯ ನರಗಳೆಲ್ಲ ತಿರುಗುಮುರುಗಾಗಿದ್ದವು. ನಲವತ್ತು ವರ್ಷ ನೇರ ಹೊಲಿಗೆ ಹಾಕಿದ ಕಣ್ಣಿಗೆ ಅದು ತಪ್ಪುತ್ತದೆಯೇ? "ಅವನ ಕೈಗೇನೋ ಆಗಿದೆ. ನೀನು ನನ್ನಿಂದ ಮುಚ್ಚಿಡ್ತಿದೀಯ" ಎಂದು ಅಳುವುದಕ್ಕೇ ಶುರು ಮಾಡಿದಳು. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ಕೊನೆಗೆ ನಿನ್ನ ಮಣಿಕಟ್ಟು ಉಳುಕಿಸಿದೆ. ಆದ್ದರಿಂದ ನೆನಪಿಟ್ಟುಕೋ: ಏಳು ವರ್ಷದ ಕೆಳಗೆ ಏಣಿಯಿಂದ ಜಾರಿ ನಿನ್ನ ಎಡ ಮಣಿಕಟ್ಟು ಉಳುಕಿತ್ತು. ಬಲಗೈಯಲ್ಲಿ ಕಾರ್ಡು ಬರೆದೆ. ಮೂರು ವಾರಕ್ಕೆ ವಾಸಿಯಾಯಿತು. ಈಗಲೂ ಚಳಿಗೆ ಸ್ವಲ್ಪ ನೋಯುತ್ತದೆ, ಅಮ್ಮ ಕೇಳಿದರೆ ಉಜ್ಜಿಕೋ.

ಮುಂದಿನ ವರ್ಷಕ್ಕೆ ಎಂಟು ತಿಂಗಳು ಮುಂಚಿನಿಂದ ನಾನು ಎಡಗೈ ಅಭ್ಯಾಸ ಮಾಡಿದೆ. ಶಾಪಿನಲ್ಲಿ, ರದ್ದಿ ಕಾಗದದ ಮೇಲೆ. ಮೊದಮೊದಲು ಎಲೆ ಎಂದು ಬರೆದದ್ದು ಚಪ್ಪಲಿಯ ಹಾಗೆ ಕಾಣುತ್ತಿತ್ತು. ಡ್ರೈವರು ನೋಡಿ "ಈ ಚಪ್ಪಲಿ ಜೊತೆಯದು ಎಲ್ಲಿ ಅಕ್ಕಾ" ಎಂದ. ಬಿಡಲಿಲ್ಲ ನಾನು. ಅಕ್ಟೋಬರ್ ಹೊತ್ತಿಗೆ ಎಲೆ ಎಲೆಯಾಯಿತು, ನೀನು ಬರೆದ ಎಲೆಯೇ ಆಯಿತು. ಆ ಕಾರ್ಡು ಬಂದ ದಿನ ಅಮ್ಮ "ನೋಡು, ಕೈ ಸರಿಯಾಗಿದೆ" ಎಂದು ಅದನ್ನು ಎದೆಗೆ ಒತ್ತಿಕೊಂಡಳು.

ಅಲ್ಲಿಂದ ಇದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸುಲಭವಾಗಿ ನಡೆಯಿತು. ಸುಲಭವಾದದ್ದೇ ತಪ್ಪು ಅನ್ನಿಸುತ್ತದೆ ಈಗ.

ಒಳಗಡೆ ಪ್ರತಿ ವರ್ಷ ಒಂದೊಂದು ಸಾಲು ಬರೆದಿದ್ದೇನೆ, ಅಂದರೆ ಬರೆದಿದ್ದೀಯ. ಒಂದು ವರ್ಷ, "ಅಮ್ಮಾ, ಇಲ್ಲಿಯ ಎಲೆ ನಮ್ಮ ಬೀದಿಯ ಎಲೆಯಷ್ಟು ಕೆಂಪಾಗುವುದಿಲ್ಲ." ಮರುವರ್ಷ, "ಕತ್ತಲಾದ ಮೇಲೆ ಸೂಜಿ ಮುಟ್ಟಬೇಡ, ಕಣ್ಣು ಜೋಪಾನ." ಇದೇ ಮಾತನ್ನು ನಾನು ಹತ್ತು ವರ್ಷದಿಂದ ಬಾಯಿ ನೋಯುವಷ್ಟು ಹೇಳಿದ್ದೆ. "ನಿನ್ನ ಕೆಲಸ ನೋಡ್ಕೋ ಹೋಗೇ" ಎನ್ನುತ್ತಿದ್ದಳು. ಕಾರ್ಡಿನಲ್ಲಿ ಓದಿದ ದಿನದಿಂದ ದೀಪ ಹಚ್ಚುವ ಹೊತ್ತಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ? ಅದರ ಮುಂದಿನ ವರ್ಷ, ನಾಚಿಕೆ ಬಿಟ್ಟು ಹೇಳುತ್ತೇನೆ, "ಅಕ್ಕನನ್ನು ಬೈಯಬೇಡಮ್ಮ, ಪಾಪ" ಎಂದು ಬರೆದೆ. ಒಂದೂವರೆ ತಿಂಗಳು ಬೈಯಲಿಲ್ಲ. ಆಮೇಲೆ ಮರೆತಳು. ಉಳಿದ ವರ್ಷಗಳದ್ದು ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಇದರ ಜೊತೆಗಿದೆ. ಓದಿ ಸುಟ್ಟುಬಿಡು.

ಈ ವರ್ಷದ ಸಾಲು ಮಾತ್ರ ಇಲ್ಲೇ ಹೇಳುತ್ತೇನೆ. "ನೀನು ಇಲ್ಲೇ ಬಂದು ನನ್ನ ಹತ್ತಿರ ಇದ್ದರೆ ಎಷ್ಟು ಚೆನ್ನಾಗಿತ್ತು ಅಮ್ಮಾ."

ಯಾಕೆ ಬರೆದೆ ಎಂದು ಕೇಳಬೇಡ. ಎಂಬತ್ತು ತುಂಬಿತಲ್ಲ, ದೊಡ್ಡ ಮಾತೊಂದು ಇರಲಿ ಎಂದುಕೊಂಡೆ. ಮಗ ಅಂಥ ಮಾತು ಹೇಳಿದ ಎನ್ನುವುದೇ ಅವಳಿಗೆ ಒಂದು ವರ್ಷದ ಊಟವಾಗುತ್ತದೆ ಎಂದುಕೊಂಡೆ. ಅದನ್ನು ಓದಿ ಎದ್ದು ಪೆಟ್ಟಿಗೆ ಕೆಳಗಿಳಿಸುತ್ತಾಳೆ ಎಂದು ನನಗೆ ಹೊಳೆಯಲಿಲ್ಲ. ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದೆ, ಅಮ್ಮನ ಕೈಯಲ್ಲಿ ಮಣ್ಣು ಮುಚ್ಚಿಸಿಕೊಳ್ಳುತ್ತಿದ್ದೇನೆ. ಊಟದ ಗಂಟೆ ಮುಗಿಯಿತು.

ನವೆಂಬರ್ ೨, ಭಾನುವಾರ

ಮನೆಯಲ್ಲಿದ್ದೇನೆ. ಅಮ್ಮ ಪಕ್ಕದ ಬೀದಿಯವರಿಗೆ ಹೇಳಿ ಬರಲು ಹೋಗಿದ್ದಾಳೆ, ಪ್ರತಿ ಮನೆಯಲ್ಲೂ ಕಾರ್ಡು ತೋರಿಸಿ ಬರುವುದರಿಂದ ಹೊತ್ತಾಗುತ್ತದೆ. ಈಗ ಮುಖ್ಯವಾದದ್ದು. ಮುಂದಿನ ಅಕ್ಟೋಬರಿನಲ್ಲಿ ಅಮ್ಮ ನಿನ್ನ ಮನೆಯಲ್ಲೇ ಇರುತ್ತಾಳೆ. ಅವಳ ಕಣ್ಣೆದುರಿಗೇ ನೀನು ಕಾರ್ಡು ಬರೆಯಬೇಕಾಗುತ್ತದೆ. ನೀನು ಬ್ರಷ್ ಹಿಡಿದು ಎಷ್ಟು ವರ್ಷವಾಯಿತೋ. ಈಗ ನೀನು ಹೇಗೆ ಬರೆಯುತ್ತೀಯ ಎಂದು ನಾನೇ ಹೇಳಿಕೊಡಬೇಕು, ಕೇಳಿಸಿಕೋ.

ಕಾಗದದ ಚಿಂತೆ ಬೇಡ. ದಪ್ಪನೆಯ ಒರಟು ಕಾಗದದಲ್ಲಿ ಹತ್ತು ಕಾರ್ಡು ಕತ್ತರಿಸಿ ಮಡಚಿ, ಅಮ್ಮನ ಪೆಟ್ಟಿಗೆಯಲ್ಲಿಟ್ಟರೆ ಅವಳು ನೋಡಿಬಿಡುತ್ತಾಳೆಂದು, ಡ್ರೈವರ್ ಕೈಲಿ ಬೇರೆಯಾಗಿ ಕೊಟ್ಟಿದ್ದೇನೆ, ಅವನು ನಿನ್ನ ಕೈಗೇ ಕೊಡುತ್ತಾನೆ. ಕಾಗದದ ನಾರು ಹರಿಯುವ ದಿಕ್ಕಿಗೇ ಮಡಚಿದ್ದೇನೆ, ಅಡ್ಡ ಮಡಚಿದರೆ ಬೆನ್ನು ಬಿರಿಯುತ್ತದೆ. ವರ್ಷಕ್ಕೊಂದರಂತೆ ಹತ್ತು ಸಾಕಾಗುತ್ತವೆ ಎಂದುಕೊಂಡಿದ್ದೇನೆ. ಹೆಚ್ಚು ಬೇಕಾದರೆ ಅದಕ್ಕಿಂತ ಸಂತೋಷ ಇನ್ನೇನು, ತಿಳಿಸು.

ಹೊರಮೈ ಮೇಲೆ ಬರುವಂತೆ ಬಿಚ್ಚಿಟ್ಟರೆ ಮುಖಪುಟ ಬಲಗಡೆಗೆ ಬರುತ್ತದೆ. ಬಲಗಡೆಗೆ! ಒಂಬತ್ತು ವರ್ಷದವನಿದ್ದಾಗ ಎಡಗಡೆ ಬರೆದು, ಕಾರ್ಡು ಹಿಂದುಮುಂದಾಗಿ, ಅಮ್ಮ ಅದನ್ನು ಹಿಂದಿನಿಂದಲೇ ಬಿಚ್ಚಿ ಓದಿ "ಹೊಸ ನಮೂನೆ" ಎಂದಿದ್ದಳು. ನಾನು ಆ ತಪ್ಪು ಮಾಡಿದ್ದರೆ ತಲೆಗೆ ಮೊಟಕುತ್ತಿದ್ದಳು.

ಮೊದಲು ಎಲೆಯ ಆಕಾರಕ್ಕೆ ಬರೀ ನೀರು ಹಚ್ಚಬೇಕು. ಹೊಳೆಯುತ್ತಿರುವಾಗಲೇ ಹಳದಿ. ಹಳದಿ ಒಣಗುವ ಮುಂಚೆ ಎಲೆಯ ತುದಿಯಲ್ಲಿ ಒಂದು ಹನಿ ತುಕ್ಕಿನ ಬಣ್ಣ, ತೊಟ್ಟಿನ ಹತ್ತಿರ ಕಡುಗೆಂಪು. ಅವು ತಾವೇ ಹರಿದು ಒಂದರೊಳಗೊಂದು ಸೇರುತ್ತವೆ. ನೀನು ಕೈ ಆಡಿಸಬಾರದು. ಮೊದಲಿನಿಂದಲೂ ನಿನ್ನ ಕೆಟ್ಟ ಚಾಳಿ ಅದು, ಸರಿಹೋಗುತ್ತಿರುವುದನ್ನು ಸರಿ ಮಾಡಲು ಹೋಗುವುದು. ಬೆಳಕು ಬೇಕಾದ ಕಡೆ ಕಾಗದವನ್ನು ಬಿಳಿಯಾಗಿಯೇ ಬಿಡು. ಆಮೇಲೆ ಬಿಳಿ ಬಳಿಯುತ್ತೇನೆ ಎನ್ನಲು ಇದು ಬೋರ್ಡಲ್ಲ. ಬ್ರಷ್ಷಿನಿಂದ ನೀರು ಹನಿದು ಕಲೆಯಾದರೆ ಒರೆಸಬೇಡ, ಅದನ್ನೂ ಒಂದು ಎಲೆ ಮಾಡು.

ನರಗಳನ್ನು ಬ್ರಷ್ಷಿನಲ್ಲಿ ಬರೆಯಬೇಡ, ನಾನು ಬರೆಯುವುದಿಲ್ಲ. ಬಣ್ಣದ ಹೊಳಪು ಹೋಗಿ ಕಾಗದ ಇನ್ನೂ ತಣ್ಣಗಿರುವ ಹೊತ್ತು ಒಂದಿದೆ, ಕೆನ್ನೆಯ ಹತ್ತಿರ ಹಿಡಿದರೆ ಗೊತ್ತಾಗುತ್ತದೆ. ಆಗ ಹೊಲಿಗೆ ಸೂಜಿಯ ಕಣ್ಣಿನ ತುದಿಯಿಂದ ಮೆಲ್ಲಗೆ ಗೀರಬೇಕು. ಗೀರಿದಲ್ಲಿ ಬಣ್ಣ ಇಳಿದು ಕಪ್ಪಗಾಗುತ್ತದೆ. ಎಡದಿಂದ ಬಲಕ್ಕೆ, ನಿನಗೆ ಅದು ಹೇಳಬೇಕಾಗಿಲ್ಲ. ಅಮ್ಮನಿಗೆ ಈ ನರಗಳ ಮೇಲೆ ತುಂಬ ಅಭಿಮಾನ. "ಅವ್ನು ಚಿಕ್ಕಂದ್ರಲ್ಲಿ ಹೀಗೆ ಬರೀತಿರ್ಲಿಲ್ಲ, ದೊಡ್ಡೋನಾದ ಮೇಲೆ ಕೈಯಲ್ಲಿ ಏನೋ ಬಂದಿದೆ" ಎಂದು ಎಲ್ಲರಿಗೂ ತೋರಿಸುತ್ತಾಳೆ. ಹದಿನೈದು ದಿನ ಅಭ್ಯಾಸ ಮಾಡಿಕೋ. ನಿನಗೆ ಬೇಗ ಬರುತ್ತದೆ. ನನಗೆ ಎಂಟು ತಿಂಗಳು ಬೇಕಾಯಿತು.

ಅಮ್ಮನಿಗೆ ನಿಜ ಹೇಳಿಬಿಟ್ಟರೆ ಅವಳು ಇಲ್ಲೇ ಉಳಿಯುತ್ತಾಳೆ, ಅದು ನನಗೂ ಹೊಳೆದಿದೆ. ಒಂದು ಮಾತು ಸಾಕು. ನಾನು ಎಡಗೈಯಲ್ಲಿ ಬ್ರಷ್ ಹಿಡಿದು ಅವಳೆದುರು ಒಂದು ಎಲೆ ಬರೆದರೆ ಸಾಕು, ಬಾಯಿ ಬಿಡುವುದೂ ಬೇಡ. ಪೆಟ್ಟಿಗೆ ಮತ್ತೆ ಅಟ್ಟ ಹತ್ತುತ್ತದೆ. ಆದರೆ ಉಳಿದು ಏನು ಮಾಡುತ್ತಾಳೆ? ಏಳು ವರ್ಷದಿಂದ ಕಾರ್ಡು ಕಳಿಸಿದ ಮಗ ಒಂದೇ ಸಲಕ್ಕೆ ಹೋಗಿಬಿಡುತ್ತಾನೆ. ಕಿಟಕಿಯ ಪಕ್ಕ ಕೂರುತ್ತಾಳೆ. ನನ್ನನ್ನು ನೋಡಿದಾಗಲೆಲ್ಲ ಅವಳಿಗೆ ನೆನಪಾಗುವುದು ನಾನು ಕೊಟ್ಟದ್ದಲ್ಲ, ನೀನು ಕೊಡದೇ ಇದ್ದದ್ದು. ಅಂಥ ಅಮ್ಮನನ್ನು ಇಟ್ಟುಕೊಂಡು ನಾನು ಏನು ಮಾಡಲಿ? ಹೋಗಲಿ ಎಂದು ನಿರ್ಧಾರ ಮಾಡಿದ್ದೇನೆ. ನಿನಗೆ ಆಗುವುದಿಲ್ಲ ಎನ್ನುವುದಾದರೆ ಗುರುವಾರದೊಳಗೆ ನನಗೆ ಫೋನ್ ಮಾಡು, ಅಮ್ಮನಿಗೆ ನಾನೇ ಏನಾದರೂ ಸುಳ್ಳು ಹೇಳುತ್ತೇನೆ. ಅಭ್ಯಾಸವಾಗಿದೆ.

ನಿನ್ನ ಹೆಂಡತಿಗೆ ಎಲ್ಲ ಹೇಳಿಬಿಡು. ಅವಳಿಗೆ ಗೊತ್ತಿಲ್ಲದಿದ್ದರೆ ಮೊದಲನೆಯ ದಿನವೇ "ಯಾವ ಕಾರ್ಡು?" ಎಂದುಬಿಡುತ್ತಾಳೆ.

ಇನ್ನೊಂದು ವಿಷಯ ಅಮ್ಮನ ಬಾಯಲ್ಲಿ ಬಂದೇ ಬರುತ್ತದೆ, ನಾನೇ ಹೇಳಿಬಿಡುತ್ತೇನೆ. ಈ ವರ್ಷ ಕಾರ್ಡು ಒಂದಲ್ಲ, ಎರಡು. ನಿನ್ನದೊಂದು, ನನ್ನದೊಂದು. ಐವತ್ತೈದು ವರ್ಷಕ್ಕೆ ನನಗೂ ಒಂದು ಆಸೆ ಬಂತು ನೋಡು, ನನ್ನ ಹೆಸರಿನಲ್ಲೂ ಅಮ್ಮನಿಗೆ ಒಂದು ಕೊಡಬೇಕೆಂದು. ನಿನ್ನದನ್ನು ಎಡಗೈಯಲ್ಲಿ ಬರೆದು ಮುಗಿಸಿ ವ್ಯಾನಿಗೆ ಕೊಟ್ಟೆ. ನನ್ನದನ್ನು ನನ್ನ ಕೈಯಲ್ಲಿ ಬರೆಯೋಣ ಎಂದು ಬಲಗೈಗೆ ಬ್ರಷ್ ತೆಗೆದುಕೊಂಡೆ.

ಬರಲಿಲ್ಲ ಕಣೋ. ನೀರು ಎಲ್ಲಿ ನಿಲ್ಲಿಸಬೇಕೋ ಆ ಕೈಗೆ ಗೊತ್ತಿಲ್ಲ. ಸೂಜಿ ಎಷ್ಟು ಒತ್ತಬೇಕೋ ಗೊತ್ತಿಲ್ಲ, ಕಾಗದ ಹರಿಯಿತು. ಏಳು ವರ್ಷ ಕಲಿತದ್ದೆಲ್ಲ ಇನ್ನೊಂದು ಕೈಯಲ್ಲಿತ್ತು. ಎಡಗೈಯಲ್ಲೇ ಬರೆಯಬಹುದಿತ್ತು, ಆದರೆ ಬರೆದರೆ ಅದು ನಿನ್ನದಾಗುತ್ತದೆ, ಅಮ್ಮ ಅರೆಕ್ಷಣದಲ್ಲಿ ಹಿಡಿಯುತ್ತಾಳೆ. ನಾಲ್ಕು ಕಾಗದ ಹಾಳು ಮಾಡಿ ಐದನೆಯದನ್ನು ಇಟ್ಟುಕೊಂಡೆ. ಒಳಗೆ ಏನಾದರೂ ಬರೆಯೋಣವೆಂದರೆ ಸಾಲೂ ಬರಲಿಲ್ಲ. ಹೇಳಬೇಕಾದದ್ದೆಲ್ಲ ನಿನ್ನ ಹೆಸರಿನಲ್ಲಿ ಹೇಳಿ ಮುಗಿಸಿದ್ದೆ. "ಅಮ್ಮನಿಗೆ, ನಿನ್ನ ಮಗಳು" ಎಂದಷ್ಟೇ ಬರೆದೆ.

ಹುಟ್ಟಿದ ದಿನ ಅಂಚೆಯಲ್ಲಿ ಬಂದ ನಿನ್ನದನ್ನೂ ನನ್ನದನ್ನೂ ಕೈಗೆ ಕೊಟ್ಟೆ. ಎರಡನ್ನೂ ಅಕ್ಕಪಕ್ಕ ಕಿಟಕಿಗೆ ಹಿಡಿದು ನೋಡಿದಳು. "ನಿಂದೂ ಪರವಾಗಿಲ್ಲ ಕಣೇ" ಎಂದಳು. "ಕೈ ಇನ್ನೂ ಕೂರ್ಬೇಕು. ಅವನದು ನೋಡು, ಎಷ್ಟು ಸಲೀಸಾಗಿದೆ. ಅದೆಲ್ಲ ಹುಟ್ಟಿನಿಂದ ಬರ್ಬೇಕು, ನೀನ್ಯಾಕೆ ಕಷ್ಟ ಪಡ್ತೀಯ?" ಪ್ರೀತಿಯಿಂದಲೇ ಹೇಳಿದಳು. ತಪ್ಪೂ ಹೇಳಲಿಲ್ಲ. ನಾನೇ ಅಂಗಡಿಯಲ್ಲಿ ನಿಂತು ಆರಿಸಿದ್ದರೂ ನಿನ್ನದನ್ನೇ ಆರಿಸುತ್ತಿದ್ದೆ.

ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಇರುತ್ತದಲ್ಲ, ನೀರು ಕುಡಿದರೆ ಎಲ್ಲಿ ಸೋರುತ್ತಿದೆ ಎಂದೂ ತಿಳಿಯುವುದಿಲ್ಲ, ಅಂದಿನಿಂದ ಹಾಗಿದ್ದೇನೆ. ಡೈರಿ ಹೊಲಿಯುತ್ತೇನೆ, ಮನೆಗೆ ಬರುತ್ತೇನೆ, ಅಮ್ಮ ಪೆಟ್ಟಿಗೆಗೆ ಏನು ಹಾಕಬೇಕು ಎಂದು ಕೇಳಿದರೆ ಹೇಳುತ್ತೇನೆ. ನಿನ್ನೆ ಅವಳ ಮೆಷಿನ್ನಿಗೆ ಎಣ್ಣೆ ಬಿಟ್ಟು ಒರೆಸಿ ಹಳೆಯ ಕಂಬಳಿಯಲ್ಲಿ ಸುತ್ತಿದೆ. ಅದು ನಿಲ್ಲುತ್ತಿದ್ದ ಕಡೆ ನೆಲದಲ್ಲಿ ನಾಲ್ಕು ಗುರುತು ಬಿದ್ದಿವೆ. ಅಲ್ಲಿ ಏನಿಡಬೇಕೋ ಇನ್ನೂ ಯೋಚಿಸಿಲ್ಲ.

ಅಮ್ಮನಿಗೆ ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರು ಕೊಡು, ಆಮೇಲೆ ಚಹಾ. ಎಡಗಿವಿಗಿಂತ ಬಲಗಿವಿ ವಾಸಿ, ಆ ಕಡೆ ಕೂತು ಮಾತಾಡು. ಕೂಗಬೇಡ, ಕೂಗಿದರೆ "ನಾನೇನು ಕಿವುಡಿಯೇನೋ" ಎಂದು ಕಿಡಿಕಾರುತ್ತಾಳೆ. ಕತ್ತರಿಯನ್ನು ಬೇರೆ ಯಾರೂ ಮುಟ್ಟಬಾರದು. ಮೊದಲ ವಾರ ನಿನ್ನನ್ನು ಹೊಗಳುತ್ತಾಳೆ, ಎರಡನೆಯ ವಾರದಿಂದ ಬೈಯಲು ಶುರು ಮಾಡುತ್ತಾಳೆ. ಬೈದರೆ ಮನೆಯವನೆಂದು ಒಪ್ಪಿಕೊಂಡಳು ಎಂದು ತಿಳಿ. ದೂರದ ಬೆಟ್ಟ ಹತ್ತಿರ ಬಂದ ಮೇಲೂ ನುಣ್ಣಗೇ ಇರಲಿ ಎಂದು ಹಾರೈಸುತ್ತೇನೆ. ಅಣಕಿಸಿ ಹೇಳುತ್ತಿಲ್ಲ, ಮನಸ್ಸಿನಿಂದ ಹೇಳುತ್ತಿದ್ದೇನೆ. ಅವಳಿಗೆ ನಿರಾಸೆ ಮಾಡಬೇಡ.

ನೀವಿಬ್ಬರೂ ಸುಖವಾಗಿರಿ. ನಿನ್ನ ಕೈ ಮತ್ತೆ ಬ್ರಷ್ಷಿಗೆ ಒಗ್ಗಲಿ. ಅಮ್ಮ ನಿನ್ನ ಮನೆಯಲ್ಲಿ ಹತ್ತು ಕಾರ್ಡನ್ನೂ ನೋಡಲಿ.

ಇಂತಿ ನಿನ್ನ
ಅಕ್ಕ

ಮರೆತದ್ದು: ಮರೆತದ್ದೇನಲ್ಲ, ಬರೆಯುವುದು ಬೇಡ ಎಂದುಕೊಂಡಿದ್ದೆ. ಆದರೆ ಅಮ್ಮ ನಿನಗೆ ಹೇಳುತ್ತಾಳೆ, ಆಗ ನೀನು ಕಕ್ಕಾಬಿಕ್ಕಿಯಾಗಬಾರದು.

ನಿನ್ನೆ ಸಾಯಂಕಾಲ ಪೆಟ್ಟಿಗೆ ತುಂಬುತ್ತಿದ್ದವಳು ನನ್ನನ್ನು ಕರೆದು ಪಕ್ಕ ಕೂರಿಸಿಕೊಂಡಳು. ಕೂದಲು ಸವರಿದಳು. "ನೀನು ಒಬ್ಳೇ ಆಗ್ತೀಯಲ್ಲೇ. ನಂಗೆ ಅದೊಂದೇ ಯೋಚ್ನೆ. ಅವನಿಗೆ ಹೇಳ್ತೀನಿ, ಇನ್ಮೇಲೆ ನೀನು ಹುಟ್ಟಿದ ದಿನಕ್ಕೂ ಒಂದು ಕಾರ್ಡ್ ಬರ್ದು ಕಳಿಸ್ಲಿ. ಅವನು ಇಲ್ಲ ಅನ್ನೋನಲ್ಲ" ಎಂದಳು.

ನಾನು ಬೇಡಮ್ಮ ಎಂದೆ. "ಸುಮ್ನಿರು, ನಿಂಗೂ ಯಾರಾದ್ರೂ ಕಳಿಸ್ಬೇಕು" ಎಂದು, ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯನ್ನು ಕೈಗೆ ತೆಗೆದುಕೊಂಡು, ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದು ಕೇಳಿದಳು: "ಹೇಳು, ಬರ್ಕೋತೀನಿ. ನೀನು ಹುಟ್ಟಿದ್ದು ಯಾವತ್ತು?"

ಅಮ್ಮನಿಗೆ ಮರೆವು ಬಂದಿದೆ ಎಂದುಕೊಳ್ಳಬೇಡ. ಮೂವತ್ತು ವರ್ಷದ ಹಿಂದೆ ಹೊಲಿದ ಅಂಗಿಯ ಅಳತೆಯನ್ನು ಇವತ್ತಿಗೂ ಹೇಳುತ್ತಾಳೆ. ನೀನು ಹುಟ್ಟಿದ ದಿನ, ವಾರ, ಗಂಟೆ ಎಲ್ಲ ಹೇಳುತ್ತಾಳೆ.

ತಾರೀಕು ಹೇಳಿದೆ. ತಿಂಗಳನ್ನೂ ಹೇಳಿದೆ. ಬರೆದುಕೊಂಡಳು.